ಏಳನೆಯ ಸದಸ್ಯ

ಸೊಲ್ಲಾಪುರದಲ್ಲಿ ಸಂಘವಿಲ್ಲದ ಕಸಬು ಹುಡುಕುವುದು ಕಷ್ಟ. ಯಂತ್ರಮಗ್ಗದ ಮಾಲಕರದೊಂದು, ಅದೇ ಮಗ್ಗದ ಕಾರ್ಮಿಕರದೊಂದು, ಬೀಡಿ ಕಟ್ಟುವ ಹೆಂಗಸರದು, ರಿಕ್ಷಾದವರದು, ಮದುವೆ ಮಂಟಪ ಹಾಕುವವರದು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರನ ಏಳು ನಂದಿಧ್ವಜ ಹೊರಡುವಾಗಲೂ ಯಾವ ಧ್ವಜದ ಕಾಠಿಗೆ ಯಾರ ಮಾನ ಎಂಬುದು ತಲೆಮಾರುಗಳಿಂದ ಗೊತ್ತಾದದ್ದು. ಸುಮ್ಮನೆ ಹೋಗಿ ಹೆಗಲು ಕೊಡುವ ಹಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹತ್ತು ಜನರನ್ನು ಕೂಡಿಸಿ ಕೆರೆ ಕಟ್ಟಿದ ವಚನಕಾರ ಸಿದ್ಧರಾಮನ ಊರು ಇದು. ಒಬ್ಬನೇ ಕೂತು ಕೆಲಸ ಮಾಡುವವನನ್ನು ಜನ ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ.

ನಾನು ಒಬ್ಬನೇ ಕೂತು ಕೆಲಸ ಮಾಡುವವನು. ಐಟಿ.

ಬೀಡಿ ಕಟ್ಟುವವರ ಸಂಗತಿ ನೋಡಿ. ಅವರ ಸಂಘ ವರ್ಷಗಟ್ಟಲೆ ಮೋರ್ಚಾ ತೆಗೆದು, ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಹೋರಾಟಗಾರ್ತಿ ಗೋದೂತಾಯಿ ಪರುಳೇಕರ ಹೆಸರಿನಲ್ಲಿ 10,000 ಮನೆ ಕಟ್ಟಿಸಿತು. ಅದು ಸಾಲದೆಂದು ರಾಯನಗರದಲ್ಲಿ 30,000 ಮನೆಗಳ ಇನ್ನೊಂದು ಯೋಜನೆ ಹಿಡಿಯಿತು. ಅದರಲ್ಲಿ 15,000 ಮನೆಗಳ ಕೀಲಿಕೈಯನ್ನು 2024ರ ಜನವರಿಯಲ್ಲಿ ಪ್ರಧಾನಿಯೇ ಬಂದು ಕೊಟ್ಟು ಹೋದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಎಣಿಸುವ ಅವ್ವಂದಿರು ಸ್ವಂತ ಮನೆಯ ಅಂಗಳಕ್ಕೆ ನೀರು ಚಿಮುಕಿಸುತ್ತಿರುವಾಗ, ಅದೇ ರಸ್ತೆಯಲ್ಲಿ ನಾನು ಪುಣೆಯ ಫ್ಲ್ಯಾಟೊಂದರ ಇಎಮ್ಐ ಈ ತಿಂಗಳು ಯಾವ ಖಾತೆಯಿಂದ ಹೋಗಬೇಕು ಎಂದು ಯೋಚಿಸುತ್ತ ಸ್ಕೂಟರ್ ಓಡಿಸುತ್ತಿರುತ್ತೇನೆ. ಆ ಫ್ಲ್ಯಾಟಿನಲ್ಲಿ ಈಗ ಬೇರೆ ಯಾರೋ ಬಾಡಿಗೆಗೆ ಇದ್ದಾರೆ.

ಸಂಘವಿಲ್ಲದವನ ಗತಿ ಇಷ್ಟೇ ಎಂದು ನಮ್ಮಜ್ಜನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಆತ ಅಕ್ಕಲಕೋಟೆ ತಾಲೂಕಿನ ಹಳ್ಳಿ ಬಿಟ್ಟು ಬಂದು ಇಲ್ಲಿಯ ಗಿರಣಿಯೊಂದರಲ್ಲಿ ಬಾಳೆಲ್ಲ ದುಡಿದವನು. ಮರಾಠಿ ಹರಕುಮುರುಕು, ಹಿಂದಿ ಇಲ್ಲವೇ ಇಲ್ಲ. ಆದರೆ ಯೂನಿಯನ್ನಿನ ಪಾಸ್‌ಬುಕ್ಕು ದೇವರ ಜಗಲಿಯ ಮೇಲೆ, ಸಿದ್ಧರಾಮನ ಫೋಟೋದ ಹಿಂದೆ ಇರುತ್ತಿತ್ತು. ನಾನು ಎಂಜಿನಿಯರಿಂಗ್ ಮುಗಿಸಿ ಪುಣೆಯ ಹಿಂಜವಡಿಗೆ ಕೆಲಸಕ್ಕೆ ಹೊರಟಾಗ ಮನೆಯವರೆಲ್ಲ ಪಗಾರ ಕೇಳಿದರು. ಅಜ್ಜ ಕೇಳಿದ್ದು ಬೇರೆ.

"ನಿಮ್ಮ ಯೂನಿಯನ್ ಲೀಡರ್ ಯಾರು?"

"ನಮ್ಮಲ್ಲಿ ಯೂನಿಯನ್ ಇರೂದಿಲ್ಲಜ್ಜಾ. ಎಚ್ಆರ್ ಅಂತ ಇರ್ತಾರ. ಏನರ ತ್ರಾಸ ಆದ್ರ ಅವರಿಗೆ ಹೇಳೂದು."

"ಅವರಿಗೆ ಪಗಾರ ಯಾರು ಕೊಡ್ತಾರ?"

"ಕಂಪನಿ."

ಅಜ್ಜ ಬೀಡಿ ಹಚ್ಚಿದ. ಆ ವಿಷಯದ ಮೇಲೆ ಆತ ಮತ್ತೆ ಮಾತಾಡಲಿಲ್ಲ.

ನಮ್ಮ ಕಸಬಿಗೆ ಸಂಘವೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಎಸಿಎಂ ಎಂಬ ಕಂಪ್ಯೂಟರಿನವರ ಸಂಘ ಹುಟ್ಟಿದ್ದು 1947ರಲ್ಲಿ. ನಮ್ಮ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ 1965ರದು. ಅದರ ಮೊದಲ ಅಧ್ಯಕ್ಷ ಆರ್. ನರಸಿಂಹನ್, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಟಿಫ್ರಾಕ್ ಎಂಬ ದೇಶೀ ಗಣಕಯಂತ್ರ ಕಟ್ಟಿದವರ ಮುಂದಾಳು. ದೇಶದಲ್ಲಿ ಇದ್ದದ್ದೇ ಕೆಲವು ಕಂಪ್ಯೂಟರು, ಅಷ್ಟರಲ್ಲೇ ಸಂಘ. ಇದು ನನಗೆ ಬಹಳ ಸೊಲ್ಲಾಪುರದ ಲಕ್ಷಣವಾಗಿ ಕಾಣುತ್ತದೆ. ಅದೇ ದಶಕದ ಕೊನೆಗೆ ಕಲ್ಕತ್ತಾದಲ್ಲಿ ಎಲ್ಐಸಿ ನೌಕರರು ಇನ್ನೊಂದು ರೀತಿ ಸಂಘಟಿತರಾಗಿದ್ದರು. ಕಂಪ್ಯೂಟರ್ ಒಳಗೆ ಬಂದರೆ ನಮ್ಮ ನೌಕರಿ ಹೋಗುತ್ತದೆಂದು ಇಲಾಕೋ ಹೌಸ್ ಎಂಬ ಕಟ್ಟಡದ ಮುಂದೆ ಹಗಲೂ ರಾತ್ರಿ ಕಾವಲು ಕೂತಿದ್ದರು. ಒಂದೇ ಯಂತ್ರದ ಸಲುವಾಗಿ ಒಬ್ಬರು ಸ್ವಾಗತ ಸಮಿತಿ ಮಾಡಿದರು, ಇನ್ನೊಬ್ಬರು ಬಾಗಿಲು ಕಾದರು. ಇಬ್ಬರೂ ಚಂದಾ ಎತ್ತಿದರು.

ಕಾಲೇಜಿನಲ್ಲಿ ನಾವೆಲ್ಲ ಕಂಪ್ಯೂಟರ್ ಸೊಸೈಟಿಯಂಥ ಒಂದು ದೊಡ್ಡ ಸಂಘದ ವಿದ್ಯಾರ್ಥಿ ಸದಸ್ಯರಾಗಿದ್ದೆವು. ಯಾಕೆಂದರೆ ರೆಸ್ಯೂಮೆಯಲ್ಲಿ ಒಂದು ಸಾಲು ತುಂಬುತ್ತಿತ್ತು. ವರ್ಷಕ್ಕೊಂದು ವಿಚಾರ ಸಂಕಿರಣ, ಪುಣೆಯಿಂದ ಬಂದ ಟೈ ಕಟ್ಟಿದ ಅತಿಥಿ, ಹೊತ್ತಿಕೊಳ್ಳಲು ಒಲ್ಲದ ದೀಪ, ಆಮೇಲೆ ಸಮೋಸಾ. ಅತಿಥಿಗಳು ಭವಿಷ್ಯದ ಬಗ್ಗೆ ಮಾತಾಡಿ ಸಂಜೆಯ ಗಾಡಿಗೆ ಹೋಗಿಬಿಡುತ್ತಿದ್ದರು. ಭವಿಷ್ಯವೂ ಅದೇ ಗಾಡಿಗೆ ಹೋಗುತ್ತದೆಂದು ನಮಗೆ ಆಗಲೇ ಅಂದಾಜಿತ್ತು.

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಹೆಗಲಿಗೇರಿಸಿ ಊರಿಗೆ ಬಂದವರಲ್ಲಿ ನಾನೂ ಒಬ್ಬ. ಬಹಳ ಜನ ಮರಳಿ ಹೋದರು, ನಾನು ಏನೇನೋ ನೆವ ಹೇಳಿ ಇಲ್ಲೇ ಉಳಿದೆ. ಮನೆಯಿಂದ ಕೆಲಸ ಮಾಡುವವನಿಗೆ ಸೊಲ್ಲಾಪುರದ ಬೇಸಿಗೆಯಲ್ಲಿ ದೇವರ ನಂತರ ಬೇಕಾದವನು ಯುಪಿಎಸ್ ರಿಪೇರಿಯವನು. ಒಂದು ಮಧ್ಯಾಹ್ನ ಆತ ಬ್ಯಾಟರಿಗೆ ನೀರು ಹಾಕುತ್ತ, ನನ್ನ ಎರಡು ಪರದೆ ನೋಡಿ ಕೇಳಿದ: "ಸಾಹೇಬ್ರ, ನೀವು ಕಂಪ್ಯೂಟರ್ ಲೈನಿನವ್ರೇನು? ಮತ್ತ ನಮ್ಮ ಸಂಘಕ್ಕ ಯಾಕ ಬಂದಿಲ್ಲ?" ಊರಿನ ಕಂಪ್ಯೂಟರಿನವರ ಸಂಘಕ್ಕೆ ಆತನೇ ಕಾರ್ಯದರ್ಶಿ ಎಂದು ಆಮೇಲೆ ತಿಳಿಯಿತು.

ಸಂಘದ ಕಚೇರಿ ನವೀ ಪೇಠೆಯ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆ. ಝೆರಾಕ್ಸಿನವನು ಖಜಾಂಚಿ. ಕೋಣೆಯ ಬಾಡಿಗೆ ಸಂಘದಿಂದ ಆತನಿಗೇ ಹೋಗಬೇಕಾದ್ದರಿಂದ ಲೆಕ್ಕಪತ್ರ ಬಹಳ ಚೊಕ್ಕವಾಗಿರುತ್ತದೆ. ಅಧ್ಯಕ್ಷರು ಎಂಎಸ್-ಸಿಐಟಿ ಕ್ಲಾಸು ನಡೆಸುವವರು. ಹೊರಗಿನ ಓದುಗರಿಗಾಗಿ ಹೇಳುತ್ತೇನೆ, ಮಹಾರಾಷ್ಟ್ರದಲ್ಲಿ ಬಹಳಷ್ಟು ಸರಕಾರಿ ನೌಕರಿಗೆ ಈ ಕಂಪ್ಯೂಟರ್ ಕೋರ್ಸಿನದೋ ಇದಕ್ಕೆ ಸಮಾನವಾದುದರದೋ ಸರ್ಟಿಫಿಕೇಟು ತೋರಿಸಬೇಕಾಗುತ್ತದೆ. 2001ರ ಆಸುಪಾಸು ಶುರುವಾದದ್ದು, ಈಗ ಹಳ್ಳಿಹಳ್ಳಿಯ ಗೋಡೆಯ ಮೇಲೂ ಅದರ ಜಾಹೀರಾತಿದೆ. ತಲಾಠಿ, ಗುಮಾಸ್ತ, ಮಾಸ್ತರ, ಎಲ್ಲರೂ ಇಂಥ ಕ್ಲಾಸಿನ ಬೆಂಚಿನ ಮೇಲೆ ಕೂತು ಮೌಸು ಹಿಡಿದವರೇ. ಆದ್ದರಿಂದ ರಾಜ್ಯದ ಅರ್ಧ ಆಡಳಿತವೇ ತಮ್ಮ ಕೈಕೆಳಗೆ ಕಲಿತದ್ದೆಂದು ಅಧ್ಯಕ್ಷರು ನಂಬಿದ್ದಾರೆ. ಇವರ ಜೊತೆಗೆ ಟ್ಯಾಲಿ ಕಲಿಸುವವರೊಬ್ಬರು, ಅಕ್ಕಲಕೋಟೆಯಿಂದ ಬರುವ ಡಿಟಿಪಿಯವರೊಬ್ಬರು, ಜುಳೆ ಸೊಲ್ಲಾಪುರದ ಒಬ್ಬ ಹುಡುಗ. ಆ ಹುಡುಗನೊಬ್ಬನೇ ನಿಜವಾದ ಪ್ರೋಗ್ರಾಮರ್. ಮನೆಯಲ್ಲೇ ಕೂತು ಯಾವುದೋ ದೇಶದ ದಂತವೈದ್ಯರಿಗೆ ಆ್ಯಪು ಮಾಡಿಕೊಡುತ್ತಿದ್ದ.

ಸದಸ್ಯತ್ವದ ಅರ್ಜಿ ಮರಾಠಿಯಲ್ಲಿ. ಠರಾವು ಮರಾಠಿಯಲ್ಲಿ. ಚಹಾ ಹೇಳುವುದು ತೆಲುಗಿನಲ್ಲಿ, ಯಾಕೆಂದರೆ ಚಹಾದಂಗಡಿ ತೆಲುಗು ಮಾತಿನ ಪದ್ಮಶಾಲಿಯೊಬ್ಬರದು. ಜಗಳ ಸ್ವಲ್ಪ ರಂಗೇರಿದರೆ ಕನ್ನಡ ಹೊರಗೆ ಬರುತ್ತದೆ. ಗಡಿ ವಿವಾದದ ಮಹಾಜನ ಆಯೋಗ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಕೊಡಿ ಎಂದು 1967ರಲ್ಲಿ ವರದಿ ಕೊಟ್ಟಿತ್ತು. ಆ ವರದಿ ಇದ್ದಲ್ಲೇ ಇದೆ, ನಾವೂ ಇದ್ದಲ್ಲೇ ಇದ್ದೇವೆ. ನಮ್ಮ ಸಭೆಯಲ್ಲಿ ಆ ವಿಷಯ ತೆಗೆಯಬಾರದೆಂದು ಬರೆಯದ ನಿಯಮವೊಂದಿದೆ. ತೆಗೆದರೆ ಚಹಾ ಎರಡನೇ ಸಲ ತರಿಸಬೇಕಾಗುತ್ತದೆ.

ನಾನು ಸೇರಿದ ಹೊತ್ತಿಗೆ ಸಂಘವಿನ್ನೂ ನೋಂದಣಿಯಾಗಿರಲಿಲ್ಲ. 1860ರ ಸೊಸೈಟಿ ಕಾಯ್ದೆಯ ಪ್ರಕಾರ ಏಳು ಜನ ಸಹಿ ಮಾಡಬೇಕು. ವಿಚಿತ್ರವೆಂದರೆ 1926ರ ಟ್ರೇಡ್ ಯೂನಿಯನ್ ಕಾಯ್ದೆಯೂ ಏಳೇ ಜನರನ್ನು ಕೇಳುತ್ತಿತ್ತು. ಸಾಹೇಬರಿಗೆ ಏಳರ ಮೇಲೆ ಏನೋ ಪ್ರೀತಿ. ನನ್ನನ್ನು ಹಿಡಿದು ಏಳಾಯಿತು. ಕಾಗದ ತಯಾರಾಯಿತು, ಎಲ್ಲರ ಆಧಾರ್ ಕಾರ್ಡಿನ ಪ್ರತಿ ತೆಗೆದದ್ದಾಯಿತು. ಅದಕ್ಕೆ ಖಜಾಂಚಿ ಬಿಲ್ಲು ಕೊಟ್ಟದ್ದೂ ಆಯಿತು. ಸಹಿಯ ದಿನಕ್ಕೆ ಸರಿಯಾಗಿ ಹುಡುಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು.

ಅವನು ಹೋದದ್ದು ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ. ಸೊಲ್ಲಾಪುರದಿಂದ ಬೆಳ್ಳಂಬೆಳಗ್ಗೆ ಹೊರಡುವ ಆ ಗಾಡಿಗೆ ಹೆಸರು ಬಂದದ್ದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂಧೆ ಎಂಬ ನಾಲ್ವರ ನೆನಪಿಗೆ. 1930ರ ಮೇ ತಿಂಗಳಲ್ಲಿ ಗಿರಣಿ ಕಾರ್ಮಿಕರೂ ಊರ ಜನರೂ ಎದ್ದು ನಿಂತಾಗ ಪೊಲೀಸರು ಕಾಲುಕಿತ್ತು, ಊರು ಕೆಲವು ದಿನ ತನ್ನಷ್ಟಕ್ಕೆ ತಾನೇ ನಡೆಯಿತು. ಆಮೇಲೆ ಮಾರ್ಷಲ್ ಲಾ ಬಂತು. ನಾಲ್ವರನ್ನೂ 1931ರ ಜನವರಿ 12ರಂದು ಪುಣೆಯ ಯರವಡಾ ಜೇಲಿನಲ್ಲಿ ಗಲ್ಲಿಗೇರಿಸಿದರು. ಅವರ ಹೆಸರಿನ ಗಾಡಿ ಈಗ ಪ್ರತಿ ಸೋಮವಾರ ಬ್ಯಾಕ್‌ಪ್ಯಾಕು ಹಾಕಿದ ಹುಡುಗ ಹುಡುಗಿಯರನ್ನು ತುಂಬಿಕೊಂಡು ಪುಣೆಗೆ ಹೋಗುತ್ತದೆ. ಶೇಂಗಾ ಚಟ್ನಿಯ ಡಬ್ಬಿ, ಕಟಕು ರೊಟ್ಟಿಯ ಗಂಟು, ಇಯರ್‌ಫೋನು. ಪ್ಲಾಟ್‌ಫಾರ್ಮಿನ ಮೇಲೆ ನಿಂತ ತಾಯಂದಿರು ಗಾಡಿ ಅಲುಗಿದ ಮೇಲೂ ಕಿಡಕಿಯಲ್ಲಿ ಕೈ ಹಾಕಿ ಏನೋ ಒಂದು ಕೊಡುತ್ತಲೇ ಇರುತ್ತಾರೆ.

ಮತ್ತೆ ಆರು ಜನ. ಕಾರ್ಯದರ್ಶಿ ಊರೆಲ್ಲ ಹುಡುಕಿದ. ಕಂಪ್ಯೂಟರ್ ಬಲ್ಲವರೆಲ್ಲ ಬರುವ ತಿಂಗಳು ಹೋಗುವವರೇ. ಆಗ ಅರ್ಜಿ ಹಾಕಿದವರು ಅಶೋಕ ಚೌಕದ ಒಬ್ಬ ವಯಸ್ಸಾದ ಗೃಹಸ್ಥರು. ವೃತ್ತಿಯ ಕಾಲಮಿನಲ್ಲಿ 'ಕಾರ್ಡ್ ಪಂಚಿಂಗ್' ಎಂದು ಬರೆದಿದ್ದರು. ಬ್ಯಾಂಕಿನದೋ ಆಸ್ಪತ್ರೆಯದೋ ಗುರುತಿನ ಕಾರ್ಡು ಮಾಡುವವರಿರಬೇಕೆಂದು ಅಧ್ಯಕ್ಷರು ಸಂದರ್ಶನಕ್ಕೆ ಕರೆದರು.

ಅವರು ಗೋಣಿಚೀಲದಲ್ಲಿ ತಂದದ್ದು ಚಾದರದ ಮಗ್ಗದ ಕಾರ್ಡು. ಮೇಜಿನ ಮೇಲೆ ಹರವಿದರು. ಉದ್ದನೆಯ ದಪ್ಪ ರಟ್ಟಿನ ಪಟ್ಟಿಗಳು, ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದವು, ಒಂದಕ್ಕೊಂದು ದಾರದಿಂದ ಹೊಲಿದು ಸರಪಳಿ ಮಾಡಿದ್ದು. ಪ್ರತಿ ಪಟ್ಟಿಯ ಮೇಲೆ ಸಾಲುಸಾಲು ತೂತು. ಕೆಲವು ಕಡೆ ತಪ್ಪಿ ಬಿದ್ದ ತೂತಿಗೆ ಕಾಗದ ಅಂಟಿಸಿ ಮುಚ್ಚಿದ್ದರು. ಗ್ರಾಫ್ ಕಾಗದದ ಮೇಲೆ ಚಿತ್ರಗಾರ ಬಣ್ಣ ತುಂಬಿದ ಚೌಕಗಳನ್ನು ಓದಿಕೊಳ್ಳುತ್ತ, ಪಿಯಾನೋ ಎಂದು ಕರೆಯುವ ಯಂತ್ರದ ಮುಂದೆ ಕೂತು, ಬೆರಳಲ್ಲಿ ಕೀಲಿ ಒತ್ತಿ ಕಾಲಲ್ಲಿ ಪೆಡಲು ತುಳಿದು ತೂತು ಹೊಡೆಯುವುದು ಇವರ ಕೆಲಸವಾಗಿತ್ತು. ನೇಯುವಾಗ ಹೊಕ್ಕಿನ ಒಂದು ಎಳೆಗೆ ಒಂದು ಕಾರ್ಡು. ಒಂದು ಚಾದರದ ನವಿಲು ಮುಗಿಯಲು ಇಂಥ ಎಷ್ಟೋ ಕಾರ್ಡು ಬೇಕು.

"ತೂತಿದ್ದರ ಹಾಸಿನ ದಾರ ಏಳ್ತದ. ಇಲ್ಲಂದರ ಕೂಡ್ತದ. ನಿಮ್ಮ ಒಂದು-ಸೊನ್ನಿ ಅಂದ್ರ ಇದಕಿಂತ ಬ್ಯಾರೆ ಏನದರಿ?" ತೆಲುಗಿನ ರಾಗದಲ್ಲಿ ಕನ್ನಡದಲ್ಲೇ ಕೇಳಿದರು. ಉತ್ತರ ಹೇಳಲು ಎಲ್ಲರೂ ನನ್ನ ಮುಖ ನೋಡಿದರು.

ಬೇರೆ ಏನೂ ಇಲ್ಲ. ಫ್ರಾನ್ಸಿನ ಲಿಯೋನಿನಲ್ಲಿ ಜಾಕಾರ್ಡ್ ಎಂಬವನು 1804ರ ಹೊತ್ತಿಗೆ ಕಟ್ಟಿದ ಮಗ್ಗದ ಉಪಾಯವೇ ಇದು. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇಂಥವೇ ಕಾರ್ಡು ಬೇಕೆಂದ. ಹೊಲರಿತ್ ಎಂಬ ಅಮೆರಿಕನ್ 1890ರ ಜನಗಣತಿಯನ್ನು ತೂತಿನ ಕಾರ್ಡಿನಲ್ಲಿ ಎಣಿಸಿದ, ಅವನ ಕಂಪನಿ ಮುಂದೆ ಐಬಿಎಂ ಆಗಿ ಬೆಳೆದ ಸಂಸ್ಥೆಯಲ್ಲಿ ಸೇರಿತು. ನಾವು ಐಟಿಯವರು ನಮ್ಮ ವಂಶಾವಳಿ ಹೇಳುತ್ತ ಅಮೆರಿಕಕ್ಕೆ ಹೋಗಿ ನಿಲ್ಲುತ್ತೇವೆ. ಅದರ ಒಂದು ಬೇರು ಅಶೋಕ ಚೌಕದ ಓಣಿಯಲ್ಲಿ, ಖಟಾಪಟ್ ಸದ್ದಿನ ನಡುವೆ, ನಮ್ಮ ಹುಟ್ಟಿಗಿಂತ ಮೊದಲೇ ನವಿಲು ನೇಯುತ್ತಿತ್ತು. ನಾನಿದನ್ನು ನನ್ನ ಹರಕು ಮರಾಠಿಯಲ್ಲಿ ಸಭೆಗೆ ವಿವರಿಸಿದೆ.

ಚರ್ಚೆ ಕಾವೇರಿತು. ಟ್ಯಾಲಿಯವರು ಎದ್ದು, ಇವರನ್ನು ಸೇರಿಸಿಕೊಂಡರೆ ನಾಳೆ ಹೊಲಿಗೆ ಯಂತ್ರದವರೂ ಬರುತ್ತಾರೆ ಎಂದರು. ಎಂಎಸ್-ಸಿಐಟಿ ಆಗಿದೆಯೇ ಎಂದು ಅಧ್ಯಕ್ಷರು ಕೇಳಿದರು. ಆಗಿಲ್ಲ. ಡಿಟಿಪಿಯವರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಈಗ ಏನ್ ಮಾಡ್ತೀರಿ?" ಈಗ ಏನೂ ಇಲ್ಲ. ಚಿತ್ರವನ್ನು ಕಂಪ್ಯೂಟರಿನಲ್ಲೇ ಬಿಡಿಸಿ, ಕಾರ್ಡನ್ನೂ ಯಂತ್ರವೇ ಹೊಡೆಯುತ್ತದೆ. ಹೊಸ ಮಗ್ಗಕ್ಕಂತೂ ಕಾರ್ಡೇ ಬೇಡ. ಅಂದರೆ ಕಂಪ್ಯೂಟರಿನಿಂದ ಕೆಲಸ ಕಳಕೊಂಡ ಮನುಷ್ಯ ಕಂಪ್ಯೂಟರಿನವರ ಸಂಘಕ್ಕೆ ಅರ್ಜಿ ಹಾಕಿದ್ದರು. ಕಲ್ಕತ್ತಾದ ವಿಮೆಯವರು ಕೇಳಿದ್ದರೆ ಏನನ್ನುತ್ತಿದ್ದರೋ. ಏಳನೆಯ ಸಹಿ ಅಗತ್ಯವಿದ್ದ ಕಾರಣ ಸಭೆ ಒಮ್ಮತದಿಂದ ಅವರನ್ನು ಮಾಹಿತಿ ತಂತ್ರಜ್ಞರೆಂದು ಒಪ್ಪಿತು. ಆ ವರ್ಷ ವರ್ಗಣಿಯನ್ನು ಸಮಯಕ್ಕೆ ಸರಿಯಾಗಿ ಕಟ್ಟಿದವರು ಅವರೊಬ್ಬರೇ.

ಅಕ್ಕಲಕೋಟೆಯ ಡಿಟಿಪಿಯವರ ಬಗ್ಗೆ ಎರಡು ಮಾತು ಹೇಳದಿದ್ದರೆ ನ್ಯಾಯವಲ್ಲ. ಗಡಿಯ ಲಗ್ನಪತ್ರಿಕೆ ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ. ಮರಾಠಿ ಶ್ರೀಲಿಪಿ ಎಂಬ ತಂತ್ರಾಂಶದಲ್ಲಿ, ಕನ್ನಡ ನುಡಿ ಎಂಬುದರಲ್ಲಿ. ಒಂದರ ಕಡತವನ್ನು ಇನ್ನೊಂದರ ಅಕ್ಷರದಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಚೌಕ, ತಲೆಯ ಮೇಲೆ ಗೀಟಿರುವ ಫ್ರೆಂಚರ ಅಕ್ಷರ. ತಾಲೂಕಿನ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ ಮಾಡುವವರೂ ಇವರೇ. ಮಹಾರಾಷ್ಟ್ರ ಸರಕಾರ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆಂದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಯೂನಿಕೋಡಿನ ಮೇಲೆ ನಾನೊಂದು ಉಪನ್ಯಾಸ ಕೊಟ್ಟೆ. ಅವರು ಪೂರ್ತಿ ಕೇಳಿ, "ಛಲೋ ಅದ. ಖರೆ ನಮ್ಮ ಪ್ರೆಸ್ಸಿನವನ ಮಶೀನಿಗೆ ಇದು ತಿಳಿಯಾಂಗಿಲ್ಲ" ಎಂದರು. ನಾನು ಕೊಟ್ಟ ತಾಂತ್ರಿಕ ಉಪನ್ಯಾಸಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ.

ವಾರ್ಷಿಕ ಸಭೆ ಅಕ್ಕಲಕೋಟೆಯಲ್ಲೇ ಎಂದು ಗೊತ್ತುಮಾಡಿದವರೂ ಅವರೇ. ಕಾರಣ ಭಕ್ತಿ ಎಂದು ನಡಾವಳಿಯಲ್ಲಿದೆ. ಖಜಾಂಚಿಗೆ ಗೊತ್ತಿರುವ ಕಾರಣ ಬೇರೆ: ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಊಟ ಪುಕ್ಕಟೆ. ಪುಣೆ ಮುಂಬಯಿಯ ಕಾರುಗಳು ಸಾಲುಗಟ್ಟುವ ಗುರುವಾರ ಬಿಟ್ಟು ಬೇರೆ ದಿನ ಹೋಗುತ್ತೇವೆ. ವಟವೃಕ್ಷದ ಗುಡಿಯಲ್ಲಿ ಕೈಮುಗಿದು, ಪಂಕ್ತಿಯಲ್ಲಿ ಉಂಡು, ನೆರಳಿನಲ್ಲಿ ಕೂತು ಲೆಕ್ಕಪತ್ರ ಮಂಜೂರು ಮಾಡುತ್ತೇವೆ. ಉಂಡ ಹೊಟ್ಟೆಯಲ್ಲಿ ಯಾರೂ ಆಕ್ಷೇಪಣೆ ಎತ್ತುವುದಿಲ್ಲ.

ಬೆಂಗಳೂರಿನಲ್ಲಿ ವಿಷಯ ಬೇರೆ. ಅಲ್ಲಿ 2017ರಲ್ಲಿ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಹುಟ್ಟಿತು. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ದಾರಿ ಮಾಡುವ ಪ್ರಸ್ತಾವ ಬಂದಾಗ ಅದು ಬೀದಿಗಿಳಿದು ಕೂಗಿತು. ಅಜ್ಜ ಬದುಕಿದ್ದರೆ ಅಂಥದ್ದಕ್ಕೆ ಹೂಂ ಅನ್ನುತ್ತಿದ್ದ. ನಮ್ಮಲ್ಲಿ ಮುಷ್ಕರ ಹೂಡುವುದಾದರೂ ಯಾರ ಮೇಲೆ? ಝೆರಾಕ್ಸಿನವನಿಗೆ ಅವನೇ ಮಾಲಕ, ಅವನೇ ಕಾರ್ಮಿಕ. ನನ್ನ ಮ್ಯಾನೇಜರು ಯಾವ ಊರಲ್ಲಿದ್ದಾನೆಂದು ನನಗೇ ಖಾತ್ರಿಯಿಲ್ಲ, ಅವನ ಹಿಂದೆ ಯಾವಾಗಲೂ ಒಂದು ಸಮುದ್ರತೀರದ ಚಿತ್ರವಿರುತ್ತದೆ.

ಹಾಗಾದರೆ ಇಂಥ ಸಂಘದಿಂದ ಏನು ಉಪಯೋಗ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅದಕ್ಕೆ ನನ್ನ ಉತ್ತರ ಇದು: ಎರಡನೇ ವರ್ಷ ಜುಳೆ ಸೊಲ್ಲಾಪುರದ ಆ ಹುಡುಗ ಪುಣೆಯಿಂದ ಮರಳಿದ. ಒಂದು ಬೆಳಿಗ್ಗೆ ಕಂಪನಿಯವರು ಎಲ್ಲರನ್ನೂ ವಿಡಿಯೋ ಕರೆಗೆ ಕರೆದು, ಚಹಾ ಆರುವುದರೊಳಗೆ ಮಾತು ಮುಗಿಸಿ, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪು ಲಾಕು ಮಾಡಿದ್ದರಂತೆ. ಮನೆಯಲ್ಲಿ ಹೇಳಿರಲಿಲ್ಲ, ವರ್ಕ್ ಫ್ರಮ್ ಹೋಮ್ ಎಂದಿದ್ದ. ದಿನಾ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಕೊಂಡು ಬಂದು ಮಾಳಿಗೆಯ ಕೋಣೆಯಲ್ಲಿ ಕೂತು ಅರ್ಜಿ ಕಳಿಸುತ್ತಿದ್ದ. ಕಾರ್ಯದರ್ಶಿ ಎಲ್ಲಿಂದಲೋ ಒಂದು ಹಳೇ ಲ್ಯಾಪ್‌ಟಾಪು ತಂದು ರ‍್ಯಾಮು ಹಾಕಿಕೊಟ್ಟ. ಖಜಾಂಚಿ ಪ್ರಿಂಟಿಗೆ ದುಡ್ಡು ಹಿಡಿಯಲಿಲ್ಲ, ಇದನ್ನು ಇತಿಹಾಸದಲ್ಲಿ ಬರೆದಿಡಬೇಕು. ಅಧ್ಯಕ್ಷರು ತಮ್ಮ ಕ್ಲಾಸಿನಲ್ಲಿ ಅವನಿಗೆ ಕಲಿಸಲು ಎರಡು ಬ್ಯಾಚು ಕೊಟ್ಟರು.

ಕಾರ್ಡಿನ ಹಿರಿಯರು ಅವನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಹೇಳಿದರು: "ಗಿರಣಿ ಬಂದಾದಾಗ ಭೋಂಗಾ ನಿಂತಿತು ತಮ್ಮಾ. ಮುಂಜಾನೆ ಅದು ಒದರಲಿಲ್ಲ ಅಂದ್ರ ಇಡೀ ಊರಿಗೆ ತಿಳೀತಿತ್ತು, ಇವತ್ತ ಇವರ ಮನ್ಯಾಗ ಒಲಿ ಹತ್ತೂದಿಲ್ಲ ಅಂತ. ನಿಮ್ಮ ಕಂಪನಿ ಬಂದಾದರ ಮಗ್ಗಲ ಮನಿಯವರಿಗೂ ಕೇಳಿಸೂದಿಲ್ಲ." ಹುಡುಗ ಆ ಸಂಜೆ ಮನೆಯಲ್ಲಿ ಹೇಳಿದ.

ಅವನೀಗ ಬೆಂಗಳೂರಿನಲ್ಲಿದ್ದಾನೆ, ಉದ್ಯಾನ್ ಎಕ್ಸ್‌ಪ್ರೆಸ್ಸು ಹತ್ತಿ ಹೋದ. ಯಾರಾದರೂ ಊರು ಬಿಟ್ಟರೆ ಹೆಸರು ಹೊಡೆಯುವ ಪದ್ಧತಿಯನ್ನು ಸಂಘ ಕೈಬಿಟ್ಟಿದೆ. ಹೋದವರ ಹೆಸರು ಪಟ್ಟಿಯಲ್ಲಿ ಹಾಗೇ ಇರಲಿ, ವರ್ಗಣಿ ಬಂದಾಗ ಕೊಡಲಿ ಎಂದು ಠರಾವಾಗಿದೆ. ಕಾರ್ಡಿನ ಹಿರಿಯರು ಮಂಡಿಸಿದರು, ನಾನು ಅನುಮೋದಿಸಿದೆ. ಟ್ಯಾಲಿಯವರು ಎಂದಿನಂತೆ ವಿರೋಧಿಸಿದರು.

ಆದ್ದರಿಂದ ನೀವು ಸೊಲ್ಲಾಪುರದವರೋ ಅಕ್ಕಲಕೋಟೆಯವರೋ ಆಗಿದ್ದು, ಕಂಪ್ಯೂಟರಿನಿಂದ ಹೊಟ್ಟೆ ತುಂಬಿಕೊಳ್ಳುತ್ತಿದ್ದರೆ ಅಥವಾ ಅದರಿಂದಲೇ ಹೊಟ್ಟೆಯ ಮೇಲೆ ಹೊಡೆತ ತಿಂದಿದ್ದರೆ, ದಯಮಾಡಿ ಬನ್ನಿ. ಸಭೆ ತಿಂಗಳ ಎರಡನೇ ರವಿವಾರ, ಜಾತ್ರೆಯ ಜನವರಿಯಲ್ಲಿ ಮಾತ್ರ ಇರುವುದಿಲ್ಲ. ಬರುವಾಗ ಎರಡು ಫೋಟೋ, ಆಧಾರ್ ಕಾರ್ಡಿನ ಒಂದು ಪ್ರತಿ ತನ್ನಿ. ತರುವುದು ಮರೆತರೆ ಝೆರಾಕ್ಸು ಕೆಳಗೇ ಆಗುತ್ತದೆ. ಸದಸ್ಯರಿಗೆ ರಿಯಾಯಿತಿ ಇಲ್ಲ.